ಐದರಲ್ಲಿ ಮೂರು ಪಾಲು

ಐಸಿನ ಲಾರಿ ಅಡ್ಡ ನಿಂತು ಫೆರಿ ತಡವಾಯಿತು.
ಚಪ್ಪಲಿ ಕೈಯಲ್ಲಿ ಹಿಡಿದು ಬೆಂಗ್ರೆಯ ಹೊಯ್ಗೆಯಲ್ಲಿ ಓಡಿದೆ;
ಗಂಟೆ ಹೊಡೆದಾಗಿತ್ತು.
ಒಂಬತ್ತನೇ ತರಗತಿ. ಅಮೆರಿಕದ ಪಾಠ ಮುಗಿದಿದೆ,
ಪರೀಕ್ಷೆಗೆ ಬರುವ ಕಠಿಣ ಪದಗಳಷ್ಟೇ ಬಾಕಿ.

ಉಪ್ಪುಗಾಳಿ ಕುಡಿದ ಹಲಗೆ, ಸೀಮೆಸುಣ್ಣ ಹಿಡಿಯುವುದಿಲ್ಲ.
ವಸಾಹತು ಎಂದು ಬರೆದರೆ ನಡುವಿನ ಎರಡಕ್ಷರ ಮಾತ್ರ ಮೂಡಿತು.
ಮತ್ತೆ ತಿದ್ದಿದೆ.
"ಅಂದರೆ ಕಾಲೊನಿಯಾ ಟೀಚರ್?" ಮುಫೀದಾ ಕೇಳಿದಳು.
"ಹೌದು."
"ನಮ್ಮದೂ ಕಾಲೊನಿಯೇ. ನಮ್ಮ ರಾಜ ಎಲ್ಲಿ ಉಂಟು?"
ತರಗತಿ ನಕ್ಕಿತು. ಅವಳು ನಗಲಿಲ್ಲ.
"ರಾಜನೂ ಇಲ್ಲ, ಹಕ್ಕುಪತ್ರವೂ ಇಲ್ಲ" ಎಂದು
ತನ್ನ ಪ್ರಶ್ನೆಗೆ ತಾನೇ ಉತ್ತರ ಹೇಳಿ ಕುಳಿತಳು.

ಮೂಲನಿವಾಸಿಗಳು. ಪುಸ್ತಕದಲ್ಲಿ ಒಂದೇ ಸಾಲು:
ಇಂಡಿಯನ್ನರೆಂದು ತಪ್ಪಾಗಿ ಕರೆಯಲ್ಪಟ್ಟವರು.
ಹಡಗು ಹೊರಟದ್ದು ಈ ಕಡೆಗೇ, ಕಾಳುಮೆಣಸಿನ ವಾಸನೆ ಹಿಡಿದು.
ದಾರಿ ತಪ್ಪಿದವರು ಒಬ್ಬರು,
ಹೆಸರು ಕಳೆದುಕೊಂಡವರು ಇನ್ನೊಬ್ಬರು.
ನಮ್ಮ ವಿಳಾಸ ಬರೆದ ಬೆಂಕಿ
ಬೇರೆಯವರ ಮನೆಗೆ ಬಟವಾಡೆಯಾಯಿತು.
ಇದನ್ನು ನಾನು ಹೇಳಲಿಲ್ಲ. ಸಿಲೆಬಸ್ಸಿನಲ್ಲಿ ಇಲ್ಲ.

ಸುಂಕ.
ಮುನ್ನೂರ ನಲವತ್ತೆರಡು ಪೆಟ್ಟಿಗೆ ಚಹಾ,
ಬಾಸ್ಟನ್ ಬಂದರಿನಲ್ಲಿ, ರಾತ್ರಿ, ನೀರಿಗೆ.
ಹುಡುಗಿಯರು ಎಷ್ಟು ಸಕ್ಕರೆ ಬೇಕೆಂದು ಲೆಕ್ಕ ಹಾಕುತ್ತಿದ್ದರು.
ಕಿಟಕಿಯ ಬದಿಯ ನೌಶೀರ್,
ವರ್ಷಕ್ಕೆ ನಾಲ್ಕು ಮಾತಾಡುವವನು, ಎದ್ದು ನಿಂತ.
"ಆವಾಗ ಉಬ್ಬರವಾ, ಇಳಿತವಾ?"
ಪುಟ ತಿರುವಿದೆ. ಇರಲಿಲ್ಲ.
"ಇಳಿತವಾದರೆ ಕೆಸರಿನಲ್ಲೇ ಗುಡ್ಡೆ ಬೀಳುತ್ತದೆ ಟೀಚರ್.
ಚೆಲ್ಲಿದ ಹಾಗೆ ಆಗುವುದಿಲ್ಲ ಅದು."
ನೋಡಿ ಹೇಳುತ್ತೇನೆ ಎಂದೆ.

ಕರಾರು ಕೂಲಿ: ಹಡಗಿನ ಬಾಡಿಗೆಗೆ ಬದಲಾಗಿ
ಇಷ್ಟು ವರ್ಷದ ದುಡಿಮೆ.
ಯಾರೂ ಏನೂ ಕೇಳಲಿಲ್ಲ.
ಐಸ್ ಪ್ಲಾಂಟಿಗೆ ಜಾರ್ಖಂಡಿನಿಂದ ಬಂದವನ ಮಗ ಅನೂಪ್ ತಿರ್ಕಿ,
ಕನ್ನಡ ಇನ್ನೂ ಅರ್ಧ ಬರುವವನು,
ಆ ಪದದ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದ.

ಪ್ರಾತಿನಿಧ್ಯಕ್ಕೆ ಬಂದಾಗ ಹತ್ತು ನಿಮಿಷ ಉಳಿದಿತ್ತು.
ಸಂವಿಧಾನ ಬರೆಯಲು ಕೂತವರು ಜನ ಎಣಿಸಿದರು, ಎಂದೆ,
ಗುಲಾಮರನ್ನು ತಲೆಗೆ ಐದರಲ್ಲಿ ಮೂರು ಪಾಲಿನಂತೆ.
ಪಾಲು ಎಂದದ್ದೇ ಭವಿತ್ ಪುತ್ರನ್‌ನ ಕಿವಿ ನೆಟ್ಟಗಾಯಿತು.
ದಸರಾ ರಜೆಯಲ್ಲಿ ಭಾವನ ಬೋಟಿಗೆ ಹೋಗುತ್ತಾನೆ,
ಬಲೆಯ ಬೂತಾಯಿ ಹೆಕ್ಕಲು.
"ನನಗೆ ಅರ್ಧ ಪಾಲು. ತಂಡೇಲನಿಗೆ ಎರಡು.
ಐದರಲ್ಲಿ ಮೂರೆಂದರೆ ಅರ್ಧಕ್ಕಿಂತ ಜಾಸ್ತಿ ಅಲ್ವಾ ಟೀಚರ್?
ಅವರಿಗೆ ನನಗಿಂತ ಒಳ್ಳೆಯದುಂಟು."

ಅಲ್ಲ ಮಾರಾಯ, ಕೊಟ್ಟದ್ದಲ್ಲ, ಎಣಿಸಿದ್ದು.
ತಲೆ ಅವರದು,
ಆ ತಲೆಯ ಲೆಕ್ಕದಲ್ಲಿ ಸಿಕ್ಕ ಕುರ್ಚಿ
ಅವರನ್ನು ಕೊಂಡವನದು.

ಅವನು ಬೆರಳಿನಲ್ಲಿ ಡೆಸ್ಕಿನ ಮೇಲೆ ಏನೋ ಬರೆದ, ಅಳಿಸಿದ.
ಹೊರಗೆ ಯಾರದೋ ಎಂಜಿನ್ನು ಕೆಮ್ಮಿ ನಿಂತಿತು.
"ಅಂದರೆ ನನ್ನ ಹೆಸರು ಪಟ್ಟಿಯಲ್ಲಿ ಉಂಟು,
ನನ್ನ ಪಾಲು ಎತ್ತಿದ್ದು ತಂಡೇಲ."
ಗೈಡಿನಲ್ಲಿ ಈ ಉತ್ತರಕ್ಕೆ ಆರು ಸಾಲು ಇದೆ.
ನಾನು ಗೈಡು ಮುಚ್ಚಿದೆ.
"ಸಮಾನರು ಅಂತ ಮೊದಲೇ ಬರೆದಿದ್ದರಲ್ಲ,
ಅದನ್ನು ಆಮೇಲೆ ಯಾರೂ ಓದಲಿಲ್ವಾ?" ಹಿಂದಿನ ಬೆಂಚಿನಿಂದ ಯಾರೋ.
ಓದಿದರು, ಎಂದೆ. ಮುಖ್ಯವಾಗಿ
ಓದು ಕಲಿಯಬಾರದೆಂದು ತಡೆದಿದ್ದರಲ್ಲ, ಅವರು.

ಸಂಜೆ ಫೆರಿಯವನು ತಲೆ ಎಣಿಸಿದ.
"ಹತ್ತೊಂಬತ್ತೂವರೆ," ಎಂದು ಕೂಗಿ ಹಗ್ಗ ಬಿಚ್ಚಿದ.
ಆ ಅರೆ
ತಾಯಿಯ ಬುಟ್ಟಿಗೆ ಒರಗಿ ನಿಂತಿತ್ತು, ಐದು ವರ್ಷದ್ದು,
ಒಂದು ಚಪ್ಪಲಿ ಇಲ್ಲ,
ಧಕ್ಕೆಯ ಕಡೆಯ ಹದ್ದುಗಳನ್ನು
ಇಡೀ ಎರಡು ಕಣ್ಣಿನಿಂದ ನೋಡುತ್ತ.

ರಾತ್ರಿ ಮೊಬೈಲಿನಲ್ಲಿ ಹುಡುಕಿದೆ.
ಇಳಿತವೇ.
ಚಹಾ ನೀರಿಗಿಂತ ಮೇಲೆ ಗುಡ್ಡೆ ಬಿದ್ದಿತ್ತಂತೆ,
ಕೆಲವರು ಇಳಿದು ತುಳಿದು ತುಳಿದು ನೂಕಿದರಂತೆ.
ನಾಳೆ ಮೊದಲ ಫೆರಿಗೇ ಹೋಗಬೇಕು,
ನೌಶೀರನಿಗೆ ಹೇಳಬೇಕು.