ರಾಶಿಯ ಮೇಲೆ

ದಸ್ತಗೀರ ಕ್ಯಾಮೆರಾ ತಂದದ್ದು
ಪಿ.ಬಿ. ರಸ್ತೆಯಲ್ಲಿ ಸ್ಟುಡಿಯೋ ಮುಚ್ಚಿದವನಿಂದ,
ಅರ್ಧ ದುಡ್ಡು ಕೊಟ್ಟು, ಅರ್ಧ ಸಾಲ ಹೇಳಿ.
ಅಂಗೈಯಗಲ. ನೋಡಿದ್ದನ್ನೆಲ್ಲ
ತಾನೇ ಗೋಡೆಗೆ ಉಗುಳುತ್ತದಂತೆ.
‘ಗೋಡೆ ಎಲ್ಲೈತಿ?’ ಅಂದಳು ಹಾಜಿರಾ.

ನಿಜ. ದಾವಣಗೆರೆಯ ಭಟ್ಟಿ ಗೋಡೆಗಳು
ಹೊಟ್ಟಿನ ಹೊಗೆ ಕುಡಿದೇ ಬೆಳೆದವು.
ಬಿಟ್ಟ ಬೆಳಕನ್ನೆಲ್ಲ ನುಂಗಿ
ಬಾಯಿ ಒರೆಸಿಕೊಂಡು ಕೂತವು.

ಯಾರೋ ತಿರುಗಿಸಿದರು
ಮೂಲೆಯ ಮಂಡಕ್ಕಿ ರಾಶಿಯ ಕಡೆ.

ಬೆಳಗಿನ ಹಾಜಿರಾ ಮೂಡಿದಳು
ಸುಡುವ ಮರಳು ಕೆದಕುತ್ತ.
ಒಂದೊಂದು ಕಾಳಿಗೂ ಒಂದಿಷ್ಟು ಕೆನ್ನೆ;
ಕಾಳು ಜಾರಿದರೆ ಹುಬ್ಬೂ ಜಾರುತ್ತದೆ.
ಬೆವರು ಒರೆಸಿದ ಸೆರಗಿನ ತುದಿ
ರಾಶಿ ದಾಟಿ ಕತ್ತಲಿಗೆ ಬಿತ್ತು.

‘ನಾ ಇಷ್ಟು ದೊಡ್ಡಾಕೀನಾ?’
ಯಾರೂ ಉತ್ತರ ಕೊಡಲಿಲ್ಲ.

ದಸ್ತಗೀರ ಚಿತ್ರದಲ್ಲಿಲ್ಲ.
ಅವನ ಕೆಮ್ಮು ಇದೆ.
ಕೆಮ್ಮಿದಾಗಲೆಲ್ಲ ಅವಳು
ಭಟ್ಟಿ ಸಮೇತ ನಡುಗುತ್ತಾಳೆ.

ಕೆಂಪು ಚುಕ್ಕಿ ಮಿಣುಕಿ
ಬ್ಯಾಟರಿ ಸತ್ತಿತು. ರಾಶಿ ಬರೀ ರಾಶಿ.

ಬೆಳಿಗ್ಗೆ ಮೂಟೆ ಹೊಲಿದೆವು, ಹರಿಹರದ ಲಾರಿಗೆ.
ಕೊನೆಯ ಮೂಟೆಯಿಂದ ಹಾಜಿರಾ
ಒಂದು ಹಿಡಿ ಎತ್ತಿಕೊಂಡಳು.
‘ಇದು ಮೂಗುಬೊಟ್ಟಿನ ಹತ್ತಿರದ್ದು’ ಎಂದು
ಬಾಯಿಗೆ ಹಾಕಿಕೊಂಡಳು.