ಮೂರನೆಯ ಸಾಲು

ಕಾರವಾರದ ಸೈನಿಕ ಕಚೇರಿಯಲ್ಲಿ
ಬೆಂಚಿನ ತುದಿಗೆ ಕೂತಿದ್ದಾಳೆ ಅವ್ವಿ.
ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ,
ಅದರೊಳಗೆ ಅಪ್ಪನ ಸರ್ವಿಸ್ ಬುಕ್ಕು,
ಮರಣಪತ್ರದ ಐದು ಜೆರಾಕ್ಸು,
ದಾರಿಗೆಂದು ಕಟ್ಟಿಕೊಂಡ ಎರಡು ಕೊಟ್ಟೆರೊಟ್ಟಿ.

ಗುಮಾಸ್ತ ಹಾಳೆ ತಿರುವುತ್ತಾನೆ.
ಇಪ್ಪತ್ತೆರಡು ವರ್ಷ ಅವನ ಬೆರಳಿಗೆ ಹನ್ನೊಂದು ಪುಟ:
ಎತ್ತರ, ಎದೆಯ ಸುತ್ತಳತೆ, ಎಡಗಲ್ಲದ ಮಚ್ಚೆ.
ಕೆಲಸ: ಹೇಸರಗತ್ತೆ ನಡೆಸುವುದು.

ಹೌದು, ಗುಂಡು ಹಾರಿಸಿದ ಕಥೆ ಅಪ್ಪನ ಬಳಿ ಇರಲಿಲ್ಲ.
ಭಾವಿಕೇರಿಯ ಗಜನಿಯಲ್ಲಿ ಮೊಣಕಾಲುದ್ದ ಕೆಸರು ತುಳಿದವನು
ಹಿಮದಲ್ಲಿ ಒಂದು ಬಾಲದ ಹಿಂದೆ ನಡೆದ,
ಅಕ್ಕಿ, ಸೀಮೆಎಣ್ಣೆ, ಬೇರೆಯವರ ಟಪಾಲು ಹೊರಿಸಿಕೊಂಡು.
ಎಲ್ಲ ಹೇಸರಗತ್ತೆಗೂ ಗೊರಸಿನ ಮೇಲೆ ಸುಟ್ಟ ನಂಬರು;
ಅಪ್ಪನದಕ್ಕೆ ಹೆಸರೂ ಇತ್ತು, ಸಾತು. ನಮ್ಮ ಅತ್ತೆಯದು.
ಅತ್ತೆ ಸಾಯುವತನಕ ಕ್ಷಮಿಸಲಿಲ್ಲ.
ಸಂಜೆ ಅದಕ್ಕೆ ಕಲ್ಲುಪ್ಪು ನೆಕ್ಕಿಸಿ
ಅಂಗೈಯನ್ನು ತಾನೂ ಒಮ್ಮೆ ನೆಕ್ಕುತ್ತಿದ್ದನಂತೆ:
'ಊರು ಅಲ್ಲೇ ಇರ್ತಿತ್ತು ನೋಡು.'

ಬೆರಳು ಈಗ ಮನೆಮಂದಿಯ ಪುಟಕ್ಕೆ ಬಂದಿದೆ.
ಬಂದವರಿಗೆಲ್ಲ ಅಪ್ಪ ತೆರೆದು ತೋರಿಸುತ್ತಿದ್ದದ್ದು ಇದನ್ನೇ.
ಪದಕದ ಪುಟ ಇನ್ನೂ ಹೊಸದರಂತಿದೆ;
ಇದರ ಮೂಲೆ ಮಾತ್ರ ಎಣ್ಣೆಗಪ್ಪು.
ಹೆಂಡತಿ ಬುದವಂತಿ.
ಮಗ ಹಮ್ಮಣ್ಣ. ಮಗ ಬೀರಣ್ಣ.
ಮೂರನೆಯ ಸಾಲಿನಲ್ಲಿ ನಾನು, ರಾಕು.

ನಾನು ಹುಟ್ಟಿದ ಸುದ್ದಿ ತಂತಿಯಲ್ಲಿ ಗುಡ್ಡ ಹತ್ತಿ
ಕಾಗದದಲ್ಲಿ ಗುಡ್ಡ ಇಳಿದು
ಎಲ್ಲೋ ದೂರದ ರೆಕಾರ್ಡ್ ಆಫೀಸು ಸೇರಿತು.
ರಾಕು ಎಂಬುದು ಗಂಡಿನ ಹೆಸರಂತೆ ಕಂಡಿರಬೇಕು;
ಯಾರೋ ಬರೆದರು: ಮಗ.

'ಬಿಡೋ ಮಾರಾಯ, ಪುಕ್ಕಟೆ ಸಿಕ್ಕ ಗಂಡು,' ಎಂದರು ಜೊತೆಯವರು.
ಸುಬೇದಾರನೂ ನಕ್ಕ.
ಅಪ್ಪ ಅರ್ಜಿ ಬರೆಯಲು ಕೂತ.
ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ನಮೂನೆ ಸರಿಯಿಲ್ಲ.
ಮೂರನೆಯದು ಹೋಗುವಾಗ ನನಗೆ ಹಲ್ಲು ಬಂದಿತ್ತು.
ಆರನೆಯದಕ್ಕೆ ಶಾಲೆಯ ಹಾಜರಿಯಲ್ಲಿ 'ಬಂದೆ ಸರ್' ಅನ್ನುತ್ತಿದ್ದೆ.
ಒಂದು ರಜೆ, ಇಶಾಡು ಮಾವಿನ ಕಾಲ ಪೂರ್ತಿ,
ಅಂಕೋಲೆಯ ಕಚೇರಿಗಳ ಬೆಂಚಿನ ಮೇಲೆ ಕಳೆದ.
ಹಣ್ಣು ಕೊಳೆಯುತ್ತಿವೆ ಎಂದು ಅವ್ವಿ ಬೈದರೆ
ಒಂದೇ ಮಾತು:
'ಮಗಳು ಅಂದ್ರೆ ಮಗಳು. ಸರಕಾರಕ್ಕೂ ಗೊತ್ತಿರ್ಲಿ.'

ಒಂಬತ್ತನೆಯ ಅರ್ಜಿಗೆ ಸರಕಾರಕ್ಕೆ ಗೊತ್ತಾಯಿತು.
'ಮಗ'ನ ಮೇಲೆ ಕೆಂಪು ಗೆರೆ,
ಪಕ್ಕದಲ್ಲಿ ಸಣ್ಣಗೆ 'ಮಗಳು',
ಯಾವನೋ ಮೇಜರನ ಸಹಿ, ಓರೆಯಾಗಿ ಬಿದ್ದ ಮೊಹರು.
ಅಪ್ಪ ಗೆದ್ದದ್ದು ಅಂತ ನನಗೆ ಗೊತ್ತಿರುವ ಯುದ್ಧ ಇದೊಂದೇ.

ಹೊರಗೆ ನೌಕಾನೆಲೆಯ ಲಾರಿ ಹೋಗುತ್ತದೆ,
ಕಿಟಕಿಯ ಗಾಜು ಗಡಗಡ ಅನ್ನುತ್ತದೆ.
ಗುಮಾಸ್ತ ಕನ್ನಡಕ ಹಣೆಗೇರಿಸುತ್ತಾನೆ.
'ಇಲ್ಲಿ ಯಾಕಮ್ಮ ಹೊಡೆದುಹಾಕಿದ್ದಾರೆ?
ಯಾರಿದು, ರಾಕು?'

ಅವ್ವಿ ಚೀಲದ ಬಾಯಿ ಬಿಗಿಹಿಡಿದು
ನನ್ನತ್ತ ಗದ್ದ ತಿರುಗಿಸುತ್ತಾಳೆ.

ನಾನು ಎದ್ದು ನಿಲ್ಲುತ್ತೇನೆ.
ನಿಲ್ಲು ಅಂತ ಯಾರೂ ಹೇಳಿರಲಿಲ್ಲ.