ಕ್ಯಾಲೆಂಡರಿನ ಮೂಲೆಯ ಸಾಲು

ಕೂಡಿಗೆ ರಸ್ತೆಯ ಕ್ಯೂರಿಂಗ್ ವರ್ಕ್ಸಿನ ಗೇಟಿನಲ್ಲಿ
ನನ್ನ ಗೂಡು. ಒಂದು ಕಿಟಕಿ, ಒಂದು ಕಪ್ಪು ಪರದೆ,
ಹೊರಗೆ ಲಾರಿ ಹತ್ತಿ ನಿಲ್ಲುವ ಉಕ್ಕಿನ ಹಾಸು.
ಮಾದಾಪುರದ ಚೆರಿ, ಸಿದ್ದಾಪುರದ ಪಾರ್ಚ್‌ಮೆಂಟು,
ಯಾವುದಾದರೂ ಮೊದಲು ಇಲ್ಲಿ ಮೈಭಾರ ಒಪ್ಪಿಸಬೇಕು.

ಕರೆಂಟಿನದೇ ತಕರಾರು.
ಹಾರಂಗಿ ಕಡೆ ಆನೆಯೊಂದು ಬೈನೆ ಮರ ಒರಗಿಸಿದರೆ
ಇಲ್ಲಿ ಯಂತ್ರ ಕಣ್ಣು ಮುಚ್ಚುತ್ತದೆ.
ಯುಪಿಎಸ್ ಮೂರು ಸಲ ಕೀಚಿ ಸುಮ್ಮನಾಗುತ್ತದೆ.
ಮತ್ತೆ ಎದ್ದಾಗ
ತಾರೀಖು ನೆನಪಿದೆ, ನಿನ್ನೆಯ ರಸೀದಿಗಳೆಲ್ಲ ಇವೆ,
ತಕ್ಕಡಿಯ ಮಾತು ಮಾತ್ರ ತಿಳಿಯದು.
ಹದಿನಾಲ್ಕು ಟನ್ನಿನ ಲಾರಿ ಬಂದು ನಿಂತರೆ
ಪ್ರಶ್ನೆಚಿಹ್ನೆ, ಮುರುಕು ಡಬ್ಬಿ, ಅರ್ಧಚಂದ್ರ.
ಡ್ರೈವರೊಬ್ಬ ಇಣುಕಿ ಕೇಳಿದ್ದ:
"ಏನಕ್ಕಾ, ಬೈಲಕುಪ್ಪೆ ಭಾಷೆಯಾ?"

ಅದಕ್ಕೊಂದು ಸಾಲು ಉಂಟು.
ನನಗಿಂತ ಮೊದಲು ಇಲ್ಲಿ ಕೂತಿದ್ದ ಮೊಯ್ದುಕಾಕ
ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟದ್ದು:
ಎಸ್ ಟಿ ಟಿ ವೈ, ಎರಡು ಸಾವಿರದ ನಾನೂರು,
ಏಳು ಬಿಟ್, ಈವನ್ ಪ್ಯಾರಿಟಿ.
ಹೊಡೆದರೆ ಸಾಕು, ಚಂದ್ರಗಳು ಅಂಕಿಗಳಾಗುತ್ತವೆ.
ಯಂತ್ರ ಅದನ್ನು ಮರೆಯುವುದು ಎದ್ದಾಗಲೆಲ್ಲ,
ಗೋಡೆ ಮರೆಯುವುದು ವರ್ಷಕ್ಕೊಮ್ಮೆ.
ಜನವರಿ ಒಂದಕ್ಕೆ ಹಳೆಯದನ್ನು ಇಳಿಸಿ
ಹೊಸದರ ಮೂಲೆಗೆ ನಕಲು ಮಾಡುತ್ತಿದ್ದರಂತೆ,
ಹನ್ನೊಂದು ವರ್ಷ,
ಪ್ಯಾರಿಟಿಗೆ ಅದೇ ತಪ್ಪು ಕಾಗುಣಿತ.

ನನಗದು ಸಾಕಾಯಿತು.
ಒಂದು ಮಧ್ಯಾಹ್ನ, ಲಾರಿ ಇಲ್ಲದ ಹೊತ್ತು,
ಹೆಸರಿನ ಮುಂದೆ ಚುಕ್ಕಿಯಿಟ್ಟು ಅಡಗಿರುವ ಫೈಲೊಂದನ್ನು ತೆರೆದು
ಕೊನೆಗೆ ಆ ಸಾಲು ಸೇರಿಸಿದೆ.
ಬೇಕೆಂದೇ ಸ್ವಿಚ್ ಆರಿಸಿ ಹಾಕಿದೆ.
ಖಾಲಿ ಹಾಸಿನ ಸೊನ್ನೆ ದುಂಡಗೆ ಬಂತು.
ಸೊನ್ನೆ ಕಂಡು ಅಷ್ಟು ಹಿಗ್ಗಿದವರು
ಈ ಜಿಲ್ಲೆಯಲ್ಲಿ ಇರಲಾರರು.

ರಾತ್ರಿ ಎರಡಕ್ಕೆ ಫೋನು. ಪಾಳಿಯ ಬೆಳ್ಯಪ್ಪ.
"ಚೋಂದಮ್ಮಾ, ಮತ್ತೆ ಡಬ್ಬಿಗಳು! ಸರಿಮಾಡಿದೆ ಅಂದಿಯಲ್ಲ?"
ಕತ್ತಲಲ್ಲಿ ಕೂತು ಯೋಚಿಸಿದೆ.
ಚುಕ್ಕಿಯ ಫೈಲು ನನ್ನ ಮನೆಯೊಳಗಿನದು,
ನಾನು ಬಾಗಿಲು ತೆರೆದರೆ ಮಾತ್ರ ಓದಿಸಿಕೊಳ್ಳುತ್ತದೆ.
ಅವನು ತನ್ನ ಹೆಸರಿನಲ್ಲಿ ಒಳಬಂದ,
ಅವನ ಮನೆಯಲ್ಲಿ ಆ ಸಾಲೇ ಇಲ್ಲ.
ಯಂತ್ರಕ್ಕೆ ಕಲಿಸಿದೆ ಅಂದುಕೊಂಡಿದ್ದೆ,
ನನಗೆ ನಾನೇ ಚೀಟಿ ಬರೆದುಕೊಂಡಿದ್ದೆ.

ಬೆಳಿಗ್ಗೆ ಮ್ಯಾನೇಜರರ ಬೀರುವಿನಿಂದ
ರೂಟ್ ಪಾಸ್‌ವರ್ಡಿನ ಲಕೋಟೆ ಕೇಳಿ ತಂದು,
ಯಾರೂ ಒಳಬರುವ ಮೊದಲೇ, ಏಳುವಾಗಲೇ
ಯಂತ್ರ ತನ್ನಷ್ಟಕ್ಕೆ ಓದುವ ಪಟ್ಟಿಗೆ ಸಾಲನ್ನು ಒಯ್ದೆ.
ಪಕ್ಕದಲ್ಲಿ ಹ್ಯಾಶ್ ಹಾಕಿ ಬರೆದೆ: ಮೊಯ್ದುಕಾಕನ ಸಾಲು.
ಹ್ಯಾಶಿನಾಚೆಗಿನದನ್ನು ಅದು ಓದುವುದಿಲ್ಲ.

ಆಮೇಲೆ ಎಷ್ಟು ಸಲ ಕರೆಂಟು ಹೋಯಿತೋ.
ಹೊಸ ಕ್ಯಾಲೆಂಡರು ಬಂತು, ಮೂಲೆ ಖಾಲಿ.
ತಿಂಗಳ ಕೊನೆಗೆ ಮೊಯ್ದುಕಾಕ ಬಂದರು,
ಗೂಡ್ಸ್ ಆಟೋದಲ್ಲಿ ಆರು ಮೂಟೆ, ಮಗಳ ತೋಟದ್ದು.
ತೂಕ ಕೇಳಲಿಲ್ಲ. ಗೋಡೆ ನೋಡಿದರು.
"ಸಾಲೆಲ್ಲಿ?"
ಉತ್ತರ ಕೊಡದೆ ಮೇನ್ ಆರಿಸಿದೆ.
ಸತ್ತ ಪರದೆಯಲ್ಲಿ ನಮ್ಮಿಬ್ಬರ ಮುಖ, ಹಿಂದೆ ಆಟೋ.
ಹಾಕಿದೆ. ಅಕ್ಷರಗಳು ಸರಸರ ಮೇಲೆ ಹತ್ತಿ ಹೋಗಿ
ಕೊನೆಗೆ: ಎಂಟುನೂರ ಎಪ್ಪತ್ತು.

ಎರಡು ಸಲ ಓದಿದರು. ತಲೆಯಾಡಿಸಿದರು.
ಆಮೇಲೆ ರಿಜಿಸ್ಟರಿಗೆ ದಾರ ಕಟ್ಟಿದ ಪೆನ್ನು ಎಳೆದು,
ದಾರ ಸಾಲದೆ,
ಕ್ಯಾಲೆಂಡರನ್ನೇ ಮೊಳೆಯಿಂದ ಬಿಡಿಸಿ ಮೇಜಿಗೆ ತಂದು
ಮೂಲೆಯಲ್ಲಿ ಬರೆದರು, ನಿಧಾನವಾಗಿ,
ಅದೇ ಕಾಗುಣಿತದಲ್ಲಿ.
"ಇರಲಿ," ಎಂದರು,
"ಆನೆಗೇನು ಗೊತ್ತು."